ಕ್ಯಾನನ್ 100-400: ಹಳೇ ತಳ್ಳು-ಎಳೆ ಲೆನ್ಸ್ ತಗೊಳ್ಳಲಾ, ಎರಡನೇ ಆವೃತ್ತಿಗೆ ಕಾಯಲಾ?

ಕಳ್ಳಿಪೀರ, ಹಾಸನ:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಕ್ಯಾನನ್ 70ಡಿ ಕ್ಯಾಮೆರಾ ಇದೆ, ಜೊತೆಗೆ 55-250 ಎಂಎಂ ಲೆನ್ಸ್. ಮೂರು ವರ್ಷದಿಂದ ಊರ ಸುತ್ತಲಿನ ಕೆರೆಗಳಲ್ಲಿ ಹಕ್ಕಿ ಫೋಟೋ ತೆಗೆಯುತ್ತಿದ್ದೇನೆ. ದೂರದ ಹಕ್ಕಿಗೆ 250 ಸಾಲುತ್ತಿಲ್ಲ. ಈಗ ಪರಿಚಯದವರೊಬ್ಬರು ತಮ್ಮ ಹಳೇ 100-400 ಎಲ್ ಐಎಸ್ (ಎಲ್ ಅಂದರೆ ಕ್ಯಾನನ್‌ನ ಮೇಲ್ದರ್ಜೆಯ ಸಾಲು, ಐಎಸ್ ಅಂದರೆ ಕೈ ನಡುಕ ತಡೆಯುವ ವ್ಯವಸ್ಥೆ) ಕೊಡುತ್ತೇನೆ ಅಂತಿದ್ದಾರೆ. ಅದೇ, ತಳ್ಳಿ ಎಳೆದು ಜೂಮ್ ಮಾಡುವುದು. 42 ಸಾವಿರ ಹೇಳಿದ್ದಾರೆ. ಎರಡನೇ ಆವೃತ್ತಿ ನೋಡಿದರೆ ಸೆಕೆಂಡ್ ಹ್ಯಾಂಡ್‌ನಲ್ಲೂ ಇದರ ಎರಡರಷ್ಟಕ್ಕಿಂತ ಜಾಸ್ತಿ. ಅಷ್ಟು ದುಡ್ಡು ಸೇರಿಸಲು ನನಗೆ ಇನ್ನೂ ಒಂದೂವರೆ ವರ್ಷ ಬೇಕು. ಎರಡನ್ನೂ ಬಳಸಿದವರು ಹೇಳಿ, ವ್ಯತ್ಯಾಸ ನಿಜವಾಗಿ ಎಲ್ಲೆಲ್ಲಿ ಕಾಣುತ್ತದೆ? ಕಾಯುವಷ್ಟು ಇದೆಯಾ?

ಬಯಲುಸೀಮೆ, ಚಿತ್ರದುರ್ಗ:
ಹಳೇದು ತಗೋಬೇಡಿ. ನನ್ನ ಹತ್ತಿರ ಇದೆ, ನಾಲ್ಕು ವರ್ಷ ಆಯ್ತು. 400ರಲ್ಲಿ ಎಫ್/5.6 (ಬೆಳಕಿನ ಕಿಂಡಿಯ ಅಳತೆ, ಅಂಕಿ ಹೆಚ್ಚಿದಷ್ಟೂ ಕಿಂಡಿ ಕಿರಿದು, ಬೆಳಕು ಕಡಿಮೆ) ಇಟ್ಟರೆ ರೆಕ್ಕೆಯ ಗರಿ ಗರಿಯಾಗಿ ಬರುವುದಿಲ್ಲ, ಹತ್ತಿ ಹಿಂಜಿದ ಹಾಗೆ ಬರುತ್ತದೆ. ಎಫ್/8 ಇಟ್ಟರೆ ಪರವಾಗಿಲ್ಲ, ಆದರೆ ಬೆಳಗಿನ ಜಾವದ ಬೆಳಕಿನಲ್ಲಿ ಎಫ್/8 ಎಲ್ಲಿ ಇಡುವುದು? ಕಾಯಿರಿ, ಹೊಸದೇ ತಗೊಳ್ಳಿ.

ದೋಣಿಯಣ್ಣ, ಶ್ರೀರಂಗಪಟ್ಟಣ:
ನಾನು ಹಳೆಯದನ್ನು ಹನ್ನೊಂದು ವರ್ಷ ಬಳಸಿದ್ದೇನೆ, ಆಮೇಲೆ ಹೊಸದನ್ನು. ಎರಡೂ ಹೆಚ್ಚಾಗಿ ರಂಗನತಿಟ್ಟಿನ ದೋಣಿಯಲ್ಲೇ ಸವೆದದ್ದು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಹಳೆಯದು ಬಂದದ್ದು 1998ರಲ್ಲಿ. ಆಗ ಎಲ್ಲರೂ ಫಿಲ್ಮ್ ರೋಲ್ ಹಾಕುತ್ತಿದ್ದ ಕಾಲ. ಕ್ಯಾನನ್‌ನವರು ಲೆನ್ಸಿಗೆ ಐಎಸ್ ಹಾಕಲು ಶುರು ಮಾಡಿದ್ದೇ 1995ರಲ್ಲಿ, 75-300ರಿಂದ. ಅಂದರೆ ಹಳೇ 100-400ರ ಐಎಸ್ ಆ ವಿದ್ಯೆಯ ಎಳವೆಯದು. ಹೊಸದು ಬಂದದ್ದು 2014ರ ಕೊನೆಗೆ. ನಡುವೆ 16 ವರ್ಷ ಇದೆ. ಹೆಸರು ಒಂದೇ ಆದರೂ ಲೆನ್ಸ್ ಬೇರೆಯೇ. ಹಳೆಯದರಲ್ಲಿ 14 ಗುಂಪಿನಲ್ಲಿ 17 ಗಾಜು, ಹೊಸದರಲ್ಲಿ 16 ಗುಂಪಿನಲ್ಲಿ 21. ಬಣ್ಣದ ಅಂಚು ತಡೆಯುವ ಒಂದು ಫ್ಲೋರೈಟ್, ಒಂದು ಸೂಪರ್ ಯುಡಿ ಗಾಜು ಎರಡರಲ್ಲೂ ಇವೆ. ಹೊಸದರಲ್ಲಿ ಒಳಗಿನ ಪ್ರತಿಫಲನ ತಡೆಯುವ ಹೊಸ ಲೇಪ ಸೇರಿದೆ. ಹಿಂಬೆಳಕಿನಲ್ಲಿ ಕೊಕ್ಕರೆ ತೆಗೆದರೆ ಇದು ಗೊತ್ತಾಗುತ್ತದೆ. ಹಳೆಯದರಲ್ಲಿ ಕಪ್ಪು ಬಣ್ಣ ಸ್ವಲ್ಪ ಬೂದಿ ಚೆಲ್ಲಿದ ಹಾಗೆ ಮಂಕಾಗುತ್ತದೆ, ಹೊಸದರಲ್ಲಿ ಕಪ್ಪು ಕಪ್ಪಾಗಿಯೇ ಉಳಿಯುತ್ತದೆ.

ನನಗೆ ಅತಿ ದೊಡ್ಡ ವ್ಯತ್ಯಾಸ ಕಂಡದ್ದು ಐಎಸ್‌ನಲ್ಲಿ. ದೋಣಿ ನಿಂತರೂ ನೀರು ತೂಗುತ್ತಲೇ ಇರುತ್ತದೆ. ಟ್ರೈಪಾಡ್ ಇಟ್ಟು ಪ್ರಯೋಜನ ಇಲ್ಲ, ಎಲ್ಲ ಕೈಯಲ್ಲೇ. ನಿಮ್ಮ 70ಡಿಯ ಸೆನ್ಸರ್ ಚಿಕ್ಕದು, ಅದರ ಮೇಲೆ 400 ಅಂದರೆ 640ರ ನೋಟ. ಐಎಸ್ ಇಲ್ಲದೆ ಕೈ ನಡುಕ ಕಾಣದಿರಲು ಶಟರ್ ವೇಗ ಸುಮಾರು 1/640 ಸೆಕೆಂಡ್ ಬೇಕು. ಹಳೆಯದರ ಐಎಸ್ ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಎರಡು ಪಟ್ಟು ನಿಧಾನ ಶಟರ್) ಕೊಡುತ್ತದೆ, ಅಂದರೆ 1/160ಕ್ಕೆ ಇಳಿಯಬಹುದು. ಹೊಸದಕ್ಕೆ ಕ್ಯಾನನ್ ಹೇಳುವುದು ನಾಲ್ಕು ಸ್ಟಾಪ್, ಅಂದರೆ 1/40. ನಾನು 1/40 ನಂಬುವುದಿಲ್ಲ, ಆದರೆ 1/80ರಲ್ಲಿ ಬಂಡೆ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಯ ಹಲ್ಲು ಎಣಿಸುವ ಹಾಗೆ ಬಂದಿದೆ. ಹಳೆಯದರಲ್ಲಿ ಅದು ನನ್ನಿಂದ ಆಗಿರಲಿಲ್ಲ.

ಆದರೆ ಒಂದು ಮಾತು. ಐಎಸ್ ನಿಲ್ಲಿಸುವುದು ನಮ್ಮ ಕೈಯನ್ನು, ಹಕ್ಕಿಯನ್ನಲ್ಲ. ಮಾರ್ಚ್ ಹೊತ್ತಿಗೆ ನದಿ ರೀವಗಳು ಮೀನು ಕಚ್ಚಿಕೊಂಡು ಗೂಡಿಗೆ ಬರುತ್ತವಲ್ಲ, ಅವನ್ನು ಹಿಡಿಯಲು 1/2000 ಬೇಕೇ ಬೇಕು. ಅಲ್ಲಿ ಹಳೇ ಐಎಸ್ಸೂ ಒಂದೇ ಹೊಸ ಐಎಸ್ಸೂ ಒಂದೇ. ನೀವು ತೆಗೆಯುವುದು ಹಾರುವ ಹಕ್ಕಿಯೋ ಕೂತ ಹಕ್ಕಿಯೋ, ಮೊದಲು ಅದನ್ನು ಯೋಚಿಸಿ.

ಬಯಲುಸೀಮೆಯವರೇ, ನಿಮ್ಮದು ಯಾವ ಕ್ಯಾಮೆರಾ ಬಾಡಿ? ಲೆನ್ಸ್ ಮುಂದೆ ಯುವಿ ಫಿಲ್ಟರ್ ಇದೆಯಾ?

ಬಯಲುಸೀಮೆ, ಚಿತ್ರದುರ್ಗ:
60ಡಿ. ಫಿಲ್ಟರ್ ಇದೆ ಅಣ್ಣ. ಲೆನ್ಸ್ ತಗೊಂಡ ದಿನವೇ ಅಂಗಡಿಯವರೇ ಹಾಕಿಕೊಟ್ಟದ್ದು. ಮುಂದಿನ ಗಾಜಿಗೆ ಗೀರು ಬೀಳದಿರಲಿ ಅಂತ ತೆಗೆದೇ ಇಲ್ಲ.

ದೋಣಿಯಣ್ಣ, ಶ್ರೀರಂಗಪಟ್ಟಣ:
ಇವತ್ತೇ ತೆಗೆದು ನೋಡಿ. ಹಳೇ 100-400ಕ್ಕೂ ಅಗ್ಗದ ಫಿಲ್ಟರಿಗೂ ಆಗಿಬರುವುದಿಲ್ಲ. 400ರಲ್ಲಿ ಆ ಗಾಜಿನ ಸಣ್ಣ ಉಬ್ಬುತಗ್ಗು ಕೂಡ ಚಿತ್ರ ಕೆಡಿಸುತ್ತದೆ. ಗಾಜಿನ ರಕ್ಷಣೆಗೆ ಮುಂದೆ ಹಾಕುವ ಕೊಳವೆಯಂಥ ಹುಡ್ ಸಾಕು.

ಇನ್ನೊಂದು. 60ಡಿಯಲ್ಲಿ ಫೋಕಸ್ ಮೈಕ್ರೋ ಅಡ್ಜಸ್ಟ್‌ಮೆಂಟ್ (ಒಂದೊಂದು ಲೆನ್ಸಿಗೂ ಫೋಕಸನ್ನು ಸ್ವಲ್ಪ ಸರಿಹೊಂದಿಸುವ ಸೌಲಭ್ಯ) ಇಲ್ಲ. ಹಾಗಾಗಿ ಲೆನ್ಸ್ ಸ್ವಲ್ಪ ಹಿಂದೆಯೋ ಮುಂದೆಯೋ ಫೋಕಸ್ ಮಾಡುತ್ತಿದ್ದರೆ ಪರೀಕ್ಷೆ ಮಾಡದೆ ನಿಮಗೆ ಗೊತ್ತಾಗುವುದೂ ಇಲ್ಲ, ಕ್ಯಾಮೆರಾದಲ್ಲಿ ಸರಿಮಾಡಲೂ ಆಗುವುದಿಲ್ಲ. ಗೋಡೆಗೆ ಕ್ಯಾಲೆಂಡರ್ ಹಾಳೆ ಅಂಟಿಸಿ. ತಿಥಿ ನಕ್ಷತ್ರ ಬರೆದ ಸಣ್ಣ ಅಕ್ಷರ ಇರುತ್ತದಲ್ಲ, ಅದಕ್ಕಿಂತ ಒಳ್ಳೆಯ ಪರೀಕ್ಷೆ ಹಾಳೆ ಇಲ್ಲ. ಐದಾರು ಮೀಟರ್ ದೂರದಲ್ಲಿ ಟ್ರೈಪಾಡ್ ಇಡಿ. ಐಎಸ್ ಆಫ್ ಮಾಡಿ. ಹಳೇ ಐಎಸ್ಸಿಗೆ ತಾನು ಟ್ರೈಪಾಡ್ ಮೇಲಿದ್ದೇನೆ ಅಂತ ತಿಳಿಯುವುದಿಲ್ಲ, ಇಲ್ಲದ ನಡುಕವನ್ನು ಸರಿಮಾಡಲು ಹೋಗಿ ತಾನೇ ಅಲುಗಾಡಿಸುತ್ತದೆ. ಎರಡು ಸೆಕೆಂಡ್ ಟೈಮರ್ ಹಾಕಿ, 400ರಲ್ಲಿ ಎಫ್/5.6. ಮೊದಲು ವ್ಯೂಫೈಂಡರಿನಿಂದ ಫೋಕಸ್ ಮಾಡಿ ಒಂದು ತೆಗೆಯಿರಿ. ಆಮೇಲೆ ಲೈವ್ ವ್ಯೂನಲ್ಲಿ (ಹಿಂದಿನ ಪರದೆಯಲ್ಲಿ) ಹತ್ತು ಪಟ್ಟು ದೊಡ್ಡದು ಮಾಡಿಕೊಂಡು ಕೈಯಿಂದ ಫೋಕಸ್ ಮಾಡಿ ಇನ್ನೊಂದು. ಎರಡನೆಯದು ಶಾರ್ಪ್, ಮೊದಲನೆಯದು ಸಾಫ್ಟ್ ಅಂದರೆ ಗಾಜಿನ ತಪ್ಪಲ್ಲ, ಫೋಕಸಿನ ಹೊಂದಾಣಿಕೆಯ ತಪ್ಪು. ಎರಡೂ ಸಾಫ್ಟ್ ಅಂದರೆ ಲೆನ್ಸೇ ಸಾಫ್ಟ್. ಒಂದು ಪಕ್ಕದ ಅಕ್ಷರ ಚೆನ್ನಾಗಿ, ಇನ್ನೊಂದು ಪಕ್ಕದ್ದು ಕಲಸಿಕೊಂಡು ಬಂದರೆ, ಹಾಳೆಗೆ ನೇರವಾಗಿ ನಿಂತಿದ್ದೀರಾ ಅಂತ ಮೊದಲು ನೋಡಿ. ನೇರವಾಗಿದ್ದೂ ಹಾಗೇ ಬಂದರೆ ಒಳಗೆ ಯಾವುದೋ ಗಾಜು ಸರಿದಿದೆ.

ಕೆರೆದಂಡೆ, ಗದಗ:
ತಳ್ಳಿ ಎಳೆಯುವ ಜೂಮನ್ನು ಎಲ್ಲರೂ ಕೊರತೆ ಅಂತಲೇ ಹೇಳುತ್ತಾರೆ. ನನಗೆ ಅದೇ ಇಷ್ಟ. ಚಳಿಗಾಲದಲ್ಲಿ ಮಾಗಡಿ ಕೆರೆಗೆ ಬನ್ನಿ. ಬೆಳಗ್ಗೆ ಪಟ್ಟೆತಲೆಯ ಹೆಬ್ಬಾತುಗಳು ಹೊಲದಿಂದ ಕೆರೆಗೆ ಹಿಂಡು ಹಿಂಡಾಗಿ ವಾಪಸ್ ಬರುತ್ತವೆ. ದೂರದಲ್ಲಿ ಗೆರೆಯ ಹಾಗೆ ಕಾಣುವುದು ನೋಡನೋಡುತ್ತಿದ್ದಂತೆ ತಲೆ ಮೇಲೆ ಬರುತ್ತದೆ. 400ರಲ್ಲಿ ಒಂದು ಹಕ್ಕಿ ಹಿಡಿದು, ಒಂದೇ ಎಳೆತಕ್ಕೆ 100ಕ್ಕೆ ಬಂದು ಇಡೀ ಹಿಂಡನ್ನು ಹಿಡಿಯಬಹುದು. ಎಡಗೈ ಲೆನ್ಸಿನ ಭಾರವನ್ನೂ ಹೊತ್ತಿರುತ್ತದೆ, ಜೂಮನ್ನೂ ಮಾಡುತ್ತದೆ. ಹೊಸದನ್ನು ಗೆಳೆಯರ ಹತ್ತಿರ ತಗೊಂಡು ನೋಡಿದೆ. ತಿರುಗಿಸುವ ರಿಂಗ್ ಬಹಳ ನಯವಾಗಿದೆ, ನಿಜ. ಆದರೆ 100ರಿಂದ 400ಕ್ಕೆ ಹೋಗುವಷ್ಟರಲ್ಲಿ ನನ್ನ ಕೈ ಮಧ್ಯೆ ಒಮ್ಮೆ ಹಿಡಿತ ಬದಲಿಸಿತು. ಅಷ್ಟರಲ್ಲಿ ಹಕ್ಕಿ ದಾಟಿತ್ತು.

ಹೊಸದರಲ್ಲೂ ಜೂಮ್ ಜಾರದಂತೆ ಹಿಡಿಯುವ ಬಿಗಿ ರಿಂಗ್ ಸಡಿಲ ಮಾಡಿಕೊಂಡು, ಹುಡ್ ಹಿಡಿದು ತಳ್ಳಿ ಎಳೆಯುವವರಿದ್ದಾರೆ. ನಾನೂ ಮಾಡಿ ನೋಡಿದೆ, ಆಗುತ್ತದೆ. ಆದರೆ ಅದನ್ನು ಹಾಗೆ ಮಾಡಿದ್ದಲ್ಲ ಅಂತ ಕೈಗೇ ಗೊತ್ತಾಗುತ್ತದೆ.

ಕಡಲಗಾಳಿ, ಉಡುಪಿ:
ತಳ್ಳಿ ಎಳೆದರೆ ಧೂಳು ಒಳಗೆ ಹೋಗುತ್ತದೆ, ಸೈಕಲ್ ಪಂಪಿನ ಹಾಗೆ ಅಂತ ಈಗ ಯಾರಾದರೂ ಬಂದು ಹೇಳುತ್ತಾರೆ. ಅದಕ್ಕೆ ಮೊದಲೇ ಬರೆಯುತ್ತೇನೆ. ಜೂಮ್ ಮಾಡಿದಾಗ ಉದ್ದವಾಗುವ ಯಾವ ಲೆನ್ಸಾದರೂ ಗಾಳಿ ಎಳೆದುಕೊಳ್ಳಲೇಬೇಕು. ತಿರುಗಿಸಿ ಉದ್ದ ಮಾಡಿದರೂ ಅಷ್ಟೇ ಗಾಳಿ. ವ್ಯತ್ಯಾಸ ಇರುವುದು ಸೀಲಿಂಗ್‌ನಲ್ಲಿ. ಹಳೆಯದರಲ್ಲಿ ಬಾಡಿಗೆ ಕೂರುವ ಜಾಗದಲ್ಲಿ ರಬ್ಬರ್ ರಿಂಗ್ ಕೂಡ ಇಲ್ಲ. ಹೊಸದರಲ್ಲಿ ಅದೂ ಇದೆ, ಸ್ವಿಚ್ಚು ರಿಂಗುಗಳ ಸುತ್ತಲೂ ಧೂಳು-ನೀರು ತಡೆ ಇದೆ. ಮುಂದಿನ ಗಾಜಿನ ಮೇಲೆ ಫ್ಲೋರಿನ್ ಲೇಪ ಇದೆ, ಉಪ್ಪುಗಾಳಿಯ ಜಿಡ್ಡು ಬಟ್ಟೆಯಲ್ಲಿ ಒಂದೇ ಸಲ ಒರೆಸಿದರೆ ಹೋಗುತ್ತದೆ.

ಧೂಳಿನ ನಾಲ್ಕು ಕಣ ಒಳಗಿದ್ದರೆ ಚಿತ್ರದಲ್ಲಿ ಕಾಣುವುದೂ ಇಲ್ಲ. ನಮ್ಮ ಕಡೆ ನಿಜವಾದ ಶತ್ರು ಬೂಷ್ಟು. ನನ್ನ ಹಳೇ ಲೆನ್ಸನ್ನು ಒಂದು ಮಳೆಗಾಲ ಬ್ಯಾಗಿನಲ್ಲೇ ಬಿಟ್ಟಿದ್ದೆ. ಆಗಸ್ಟ್‌ನಲ್ಲಿ ತೆಗೆದು ನೋಡಿದರೆ ಒಳಗಾಜಿನ ಅಂಚಿನಿಂದ ಜೇಡರ ಬಲೆಯ ಎಳೆ ಹರಡಿದ ಹಾಗೆ ಬೆಳೆದಿತ್ತು. ರಿಪೇರಿಗೆ ಕೊಟ್ಟೆ. ಬಿಚ್ಚಿ ಒರೆಸಿ ಕೊಟ್ಟರು, ಆದರೆ ಮತ್ತೆ ಜೋಡಿಸಿದಾಗ ಬಲಗಡೆ ಮೂಲೆ ಮೊದಲಿನ ಹಾಗೆ ಬರಲೇ ಇಲ್ಲ. ತುಂಬಾ ನೋವಾಯಿತು. ಕಳ್ಳಿಪೀರ ಅವರೇ, ಹಳೇ ಲೆನ್ಸ್ ನೋಡಲು ಹೋದಾಗ ಮೊಬೈಲ್ ಟಾರ್ಚನ್ನು ಹಿಂದಿನಿಂದ ಓರೆಯಾಗಿ ಹಿಡಿದು ಮುಂದಿನಿಂದ ನೋಡಿ. ಕಣ ಕಂಡರೆ ಚಿಂತೆ ಇಲ್ಲ. ಎಳೆ ಎಳೆಯಾಗಿ ಕಂಡರೆ ಎದ್ದು ಬನ್ನಿ.

ಮಳೆಹನಿ, ತೀರ್ಥಹಳ್ಳಿ:
ನಾನು ಹಳೆಯದನ್ನು ಮಾರಿ ಹೊಸದು ತಗೊಂಡದ್ದು ಹಕ್ಕಿಗಾಗಿ ಅಲ್ಲ. ಯಾರೂ ಇದನ್ನು ಹೇಳಲಿಲ್ಲವಲ್ಲ ಅಂತ ಬರೆಯುತ್ತಿದ್ದೇನೆ. ಹಳೆಯದು 1.8 ಮೀಟರಿಗಿಂತ ಹತ್ತಿರ ಫೋಕಸ್ ಆಗುವುದಿಲ್ಲ. ಹೊಸದು 98 ಸೆಂಟಿಮೀಟರಿಗೇ ಆಗುತ್ತದೆ. ಹೇಳುವಾಗ ಸಣ್ಣ ವಿಷಯ ಅನ್ನಿಸುತ್ತದೆ. ಆದರೆ ತೋಟದಲ್ಲಿ ನಡೆಯುವಾಗ ಎದುರಿಗೇ ಚಿಟ್ಟೆ ಕೂತರೆ, ಹಳೇ ಲೆನ್ಸಿನಲ್ಲಿ ನಾವೇ ಹಿಂದೆ ಹಿಂದೆ ಹೆಜ್ಜೆ ಇಡಬೇಕು. ಒದ್ದೆ ತರಗೆಲೆ ಮೇಲೆ ಹಿಂದಕ್ಕೆ ನಡೆಯುವುದು, ಅದೂ ಜಿಗಣೆ ಕಾಲದಲ್ಲಿ, ಯಾರಿಗೂ ಬೇಡ.

ಲೆಕ್ಕ ಹೇಳುತ್ತೇನೆ. ಹಳೆಯದರ ಗರಿಷ್ಠ ಹಿಗ್ಗುವಿಕೆ (ಸೆನ್ಸರ್ ಮೇಲೆ ಬೀಳುವ ಚಿತ್ರ ನಿಜವಾದ ಅಳತೆಯ ಎಷ್ಟು ಪಾಲು ಅನ್ನುವುದು) 0.20, ಹೊಸದರದ್ದು 0.31. 70ಡಿಯಂಥ ಚಿಕ್ಕ ಸೆನ್ಸರಿನ ಕ್ರಾಪ್ ಬಾಡಿಯಲ್ಲಿ ಹಳೆಯದು ಫ್ರೇಮಿನ ಅಗಲಕ್ಕೆ ತುಂಬಿಸುವುದು ಸುಮಾರು 11 ಸೆಂಟಿಮೀಟರ್ ಜಾಗವನ್ನು, ಹೊಸದು ಸುಮಾರು 7 ಸೆಂಟಿಮೀಟರನ್ನು. ಏರೋಪ್ಲೇನ್ ಚಿಟ್ಟೆಯೊಂದು ಹೊಸದರಲ್ಲಿ ಫ್ರೇಮ್ ತುಂಬುತ್ತದೆ. ರೆಕ್ಕೆಯ ಜಾಲರಿ ಒಂದೊಂದು ಮನೆಯೂ ಕಾಣುತ್ತದೆ. ಹಾರುಓತಿ ಅಡಿಕೆ ಮರಕ್ಕೆ ಅಂಟಿ ಕೂತಿದ್ದನ್ನು ಹೀಗೇ ತೆಗೆದೆ. ಗಂಟಲಿನ ಹಳದಿ ಚೀಲ ಬಿಚ್ಚಿದಾಗ ಅದರ ಮೇಲಿನ ಹುರುಪೆ ಕೂಡ ಬಂದಿದೆ. ಮ್ಯಾಕ್ರೋ ಲೆನ್ಸ್ ಬದಲಿಸಲು ಹೋಗಿದ್ದರೆ ಅದು ಮುಂದಿನ ಮರಕ್ಕೆ ತೇಲಿ ಹೋಗಿರುತ್ತಿತ್ತು.

ಭಾರ ಮಾತ್ರ ಜಾಸ್ತಿ. ಹಳೆಯದು 1,380 ಗ್ರಾಂ. ಹೊಸದು 1,570, ಟ್ರೈಪಾಡ್ ಕಾಲು ಸೇರಿದರೆ 1,640. ಗುಡ್ಡ ಹತ್ತಿ ಇಳಿದ ದಿನ ಸಂಜೆ ಕುತ್ತಿಗೆಗೆ ಅದು ಗೊತ್ತಾಗುತ್ತದೆ. ಹಳೆಯದರಲ್ಲಿ ಟ್ರೈಪಾಡಿಗೆ ಕೂರಿಸುವ ಇಡೀ ಕಾಲರ್ ಕಳಚಿಡಬಹುದಿತ್ತು. ಹೊಸದರಲ್ಲಿ ಕಾಲರ್ ಲೆನ್ಸಿಗೇ ಅಂಟಿಕೊಂಡಿದೆ, ಕೆಳಗಿನ ಕಾಲು ಮಾತ್ರ ಬಿಚ್ಚಬಹುದು.

ಕಳ್ಳಿಪೀರ, ಹಾಸನ:
ಮೇಡಂ, ಇದು ನನಗೆ ಹೊಳೆದೇ ಇರಲಿಲ್ಲ. ನನ್ನ ಮಗಳಿಗೆ ಹಕ್ಕಿಗಿಂತ ಏರೋಪ್ಲೇನ್ ಚಿಟ್ಟೆಯೇ ಇಷ್ಟ. ಈಗ 55-250ರಲ್ಲಿ ತೆಗೆದುಕೊಡುತ್ತೇನೆ. ಮತ್ತೆ ಗೊಂದಲ ಶುರುವಾಯಿತು.

ಇನ್ನೊಂದು ಪ್ರಶ್ನೆ. 1.4 ಎಕ್ಸ್‌ಟೆಂಡರ್ (ಬಾಡಿಗೂ ಲೆನ್ಸಿಗೂ ನಡುವೆ ಹಾಕಿ 1.4 ಪಟ್ಟು ಹತ್ತಿರ ತರುವುದು) ಹಾಕಬಹುದಾ?

ಜೀಪಿನ ಹಿಂದಿನ ಸೀಟು, ಬೆಂಗಳೂರು:
70ಡಿಯಲ್ಲಿ ಬೇಡ. 400ರಲ್ಲಿ ಎಫ್/5.6 ಇದ್ದದ್ದು ಎಫ್/8 ಆಗುತ್ತದೆ, 70ಡಿಯ ವ್ಯೂಫೈಂಡರ್ ಆಟೋಫೋಕಸ್ ಎಫ್/5.6ಕ್ಕೇ ನಿಲ್ಲುತ್ತದೆ. 80ಡಿಯಲ್ಲಿ ಎರಡು ಲೆನ್ಸಿನ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಹೊಸ 100-400 ಜೊತೆ ಮೂರನೇ ಆವೃತ್ತಿಯ 1.4 ಎಕ್ಸ್‌ಟೆಂಡರ್ ಹಾಕಿದರೆ 27 ಫೋಕಸ್ ಬಿಂದು ಸಿಗುತ್ತವೆ. ಹಳೆಯದಕ್ಕೆ ನಡುವಿನದು ಒಂದೇ.

ನಾನು ಈಗ ಆರ್6 ಅನ್ನುವ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾಗೆ ಬಂದಿದ್ದೇನೆ. ಹಳೇ 100-400 ಇನ್ನೂ ಮಾರಿಲ್ಲ, ಅಡಾಪ್ಟರ್ ಹಾಕಿ ಅದನ್ನೇ ಕಬಿನಿಗೆ ಒಯ್ಯುತ್ತೇನೆ. ಮಿರರ್‌ಲೆಸ್‌ನಲ್ಲಿ ಫೋಕಸ್ ಸೆನ್ಸರಿನ ಮೇಲೇ ಆಗುವುದರಿಂದ ದೋಣಿಯಣ್ಣ ಹೇಳಿದ ಹಿಂದೆ-ಮುಂದೆ ಫೋಕಸಿನ ತೊಂದರೆಯೇ ಇಲ್ಲ. 7ಡಿ ಮೇಲೆ ಸಾಫ್ಟ್ ಅಂತ ಬೈದುಕೊಳ್ಳುತ್ತಿದ್ದ ಅದೇ ಲೆನ್ಸ್ ಇಲ್ಲಿ ಶಾರ್ಪ್ ಆಗಿ ಕೊಡುತ್ತಿದೆ. ನಾನು ಅದಕ್ಕೆ ಅನ್ಯಾಯ ಮಾಡಿದ್ದೆ ಅನ್ನಿಸಿತು.

ಮುಂದೆ ಯಾವತ್ತಾದರೂ ಮಿರರ್‌ಲೆಸ್‌ಗೆ ಹೋಗುವ ಯೋಚನೆ ಇದ್ದರೆ ಈಗ 70ಡಿಯಂಥ ಕ್ಯಾಮೆರಾಗಳ ಇಎಫ್ ಸಾಲಿನ ಹೊಸ 100-400ಕ್ಕೆ ಅಷ್ಟು ದುಡ್ಡು ಹಾಕಬೇಡಿ. 2021ರಲ್ಲಿ ಮಿರರ್‌ಲೆಸ್‌ಗಾಗಿ ಬಂದ ಆರ್‌ಎಫ್ 100-400 ಬರೀ 635 ಗ್ರಾಂ. ಎಲ್ ಅಲ್ಲ, 400ರಲ್ಲಿ ಎಫ್/8. ಆದರೆ ಹಳೆಯದರ ಅರ್ಧದಷ್ಟೂ ಭಾರ ಇಲ್ಲ.

ಬಯಲುಸೀಮೆ, ಚಿತ್ರದುರ್ಗ:
ದೋಣಿಯಣ್ಣ, ಫಿಲ್ಟರ್ ತೆಗೆದೆ. ಕ್ಯಾಲೆಂಡರ್ ಹಾಳೆ ಅಂಟಿಸಿ, ಫಿಲ್ಟರ್ ಹಾಕಿ ಒಂದು ಫೋಟೋ, ಫಿಲ್ಟರ್ ಇಲ್ಲದೆ ಒಂದು ಫೋಟೋ ತೆಗೆದು ನೋಡಿದೆ. ಫಿಲ್ಟರ್ ಇದ್ದಾಗ 'ಕೃತ್ತಿಕಾ' ಅನ್ನುವುದರ ಒತ್ತಕ್ಷರ ಕಲಸಿ ಹೋಗಿದೆ, ಪ್ರತಿ ಗೆರೆಗೂ ಪಕ್ಕದಲ್ಲಿ ಇನ್ನೊಂದು ತೆಳು ಗೆರೆ. ತೆಗೆದ ಮೇಲೆ ಒತ್ತು ಬಿಡಿಬಿಡಿಯಾಗಿ ಓದಬಹುದು. ನಾಲ್ಕು ವರ್ಷ ನಾನು ಲೆನ್ಸಿನ ಮೇಲೆ ತಪ್ಪು ಹೊರಿಸಿದ್ದೆ.

ಪೂರ್ತಿ ಸರಿ ಆಗಿಲ್ಲ. ವ್ಯೂಫೈಂಡರಿನಿಂದ ತೆಗೆದದ್ದು ಲೈವ್ ವ್ಯೂಗಿಂತ ಸ್ವಲ್ಪ ಸಾಫ್ಟ್ ಇದೆ. ಮೂಲೆಗಳು ಎಫ್/5.6ರಲ್ಲಿ ಈಗಲೂ ಮೆತ್ತಗೇ ಇವೆ. ಆದರೆ 'ತಗೋಬೇಡಿ' ಅಂತ ಮೇಲೆ ಬರೆದದ್ದನ್ನು ವಾಪಸ್ ತಗೊಳ್ಳುತ್ತೇನೆ. ಕಳ್ಳಿಪೀರ ಅವರೇ, ನೋಡಿ ತಗೊಳ್ಳಿ.

ದೋಣಿಯಣ್ಣ, ಶ್ರೀರಂಗಪಟ್ಟಣ:
ಬಹಳ ಸಂತೋಷ ಆಯ್ತು. ಮೂಲೆ ಮೆತ್ತಗಿರುವುದು ಆ ಲೆನ್ಸಿನ ಗುಣ, ಅದು ಫಿಲ್ಟರಿನದ್ದಲ್ಲ. ಹೊಸದರಲ್ಲಿ ಮೂಲೆಯೂ 5.6ರಿಂದಲೇ ಚೆನ್ನಾಗಿದೆ. ಹಕ್ಕಿ ನಡುವೆ ಇರುತ್ತದೆ ಅನ್ನುವವರಿಗೆ ಅದು ಲೆಕ್ಕಕ್ಕಿಲ್ಲ, ಹಿಂಡು ತೆಗೆಯುವವರಿಗೆ ಲೆಕ್ಕಕ್ಕಿದೆ.

ಕಳ್ಳಿಪೀರ ಅವರೇ, ಲೆನ್ಸ್ ನೋಡಲು ಹೋಗುವಾಗ ಇಷ್ಟು ಮಾಡಿ. ಹಿಂದಿನ ಮುಚ್ಚಳ ತೆಗೆದರೆ ಮೌಂಟ್ ಹತ್ತಿರ ಸಣ್ಣದಾಗಿ ಎರಡು ಅಕ್ಷರ, ಮುಂದೆ ಅಂಕಿಗಳು ಇರುತ್ತವೆ. ಮೊದಲ ಅಕ್ಷರ ಯು ಅಂದರೆ ಉತ್ಸುನೊಮಿಯಾ ಕಾರ್ಖಾನೆ. ಎರಡನೆಯದು ವರ್ಷ. ಎಂ ಅಂದರೆ 1998, ಅಲ್ಲಿಂದ ಇಂಗ್ಲಿಷ್ ಅಕ್ಷರಮಾಲೆಯ ಒಂದೊಂದಕ್ಕೆ ಒಂದೊಂದು ವರ್ಷ ಎಣಿಸಿ. ಟಿ ಅಂದರೆ 2005, ಝಡ್ ಅಂದರೆ 2011.

ನಿಮ್ಮ ಬಾಡಿಗೆ ಹಾಕಿ ಶಟರ್ ಅರ್ಧ ಒತ್ತಿ. ಸಣ್ಣಗೆ ಗುಂಯ್ ಅನ್ನುವ ಸದ್ದು ಬಂದು ಚಿತ್ರ ಒಂದು ಸೆಕೆಂಡಿನೊಳಗೆ ನೆಲೆ ನಿಲ್ಲಬೇಕು. ಆ ಸದ್ದು ಸಹಜ, ಹೆದರಬೇಡಿ. ಆಮೇಲೆ ಎಫ್/11 ಇಟ್ಟು 100, 200, 300, 400, ಎಲ್ಲ ಕಡೆ ನಾಲ್ಕಾರು ಫೋಟೋ ತೆಗೆಯಿರಿ. ಒಳಗೆ ಅಪರ್ಚರಿಗೆ (ಬೆಳಕಿನ ಕಿಂಡಿಗೆ) ಹೋಗುವ ತೆಳು ಪಟ್ಟಿ ಕೇಬಲ್ ಇದೆ. ವರ್ಷಗಟ್ಟಲೆ ತಳ್ಳಿ ಎಳೆದು ಅದು ಸವೆದಿದ್ದರೆ ಯಾವುದೋ ಒಂದು ಜಾಗದಲ್ಲಿ ಎರರ್ 01 ಬರುತ್ತದೆ. ಎಫ್/5.6ರಲ್ಲಿ ಮಾತ್ರ ಪರೀಕ್ಷೆ ಮಾಡಿದರೆ ಅದು ಗೊತ್ತಾಗುವುದೇ ಇಲ್ಲ, ಏಕೆಂದರೆ ಅಲ್ಲಿ ಅಪರ್ಚರ್ ಅಲುಗಾಡುವುದೇ ಇಲ್ಲ.

ಕಳ್ಳಿಪೀರ, ಹಾಸನ:
ಎರಡು ವಾರ ಆದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಹೋಗಿ ನೋಡಿದೆ. ಅಕ್ಷರ ಯುಟಿ, ಅಂದರೆ 2005ರದ್ದು. ಟಾರ್ಚ್ ಹಿಡಿದಾಗ ಐದಾರು ಧೂಳಿನ ಕಣ ಕಂಡವು, ಎಳೆ ಇಲ್ಲ. ಎಫ್/11ರಲ್ಲಿ ಎಲ್ಲ ಕಡೆ ತೆಗೆದೆ, ಎರರ್ ಬರಲಿಲ್ಲ. ಬಿಗಿ ರಿಂಗ್ ಮಾತ್ರ ಪೂರ್ತಿ ಹಿಡಿಯುವುದಿಲ್ಲ, ಲೆನ್ಸ್ ಕೆಳಮುಖ ಮಾಡಿದರೆ ತಾನೇ ಜಾರಿ 400ಕ್ಕೆ ಬರುತ್ತದೆ. ಅದನ್ನು ತೋರಿಸಿದೆ. ಅವರೂ ಒಪ್ಪಿ 38 ಸಾವಿರಕ್ಕೆ ಕೊಟ್ಟರು.

ಮನೆಗೆ ಬಂದು ಕ್ಯಾಲೆಂಡರ್ ಪರೀಕ್ಷೆ ಮಾಡಿದೆ. ಲೈವ್ ವ್ಯೂನಲ್ಲಿ ಶಾರ್ಪ್, ವ್ಯೂಫೈಂಡರಿನಲ್ಲಿ ಸ್ವಲ್ಪ ಮುಂದೆ ಫೋಕಸ್. 70ಡಿಯಲ್ಲಿ ಮೈಕ್ರೋ ಅಡ್ಜಸ್ಟ್‌ಮೆಂಟ್ ಇದೆಯಲ್ಲ, ಅದನ್ನು +6 ಇಟ್ಟಾಗ ಎರಡೂ ಒಂದೇ ಆಯಿತು. ಮೊನ್ನೆ ಭಾನುವಾರ ಕೆರೆ ಏರಿ ಮೇಲೆ ತಂತಿ ಬೇಲಿಯಲ್ಲಿ ಕಳ್ಳಿಪೀರ, ನನ್ನ ಹೆಸರಿನ ಹಕ್ಕಿಯೇ, ಕೂತಿತ್ತು. 400, ಎಫ್/7.1, 1/800. ಕೊಕ್ಕಿನಲ್ಲಿ ಹಿಡಿದ ಜೇನ್ನೊಣದ ಹೊಟ್ಟೆಯ ಪಟ್ಟೆ ಎಣಿಸಬಹುದು. ಮೂರು ವರ್ಷದಿಂದ ಇದೇ ಹಕ್ಕಿಯನ್ನು ತೆಗೆಯುತ್ತಿದ್ದೇನೆ, ಅದರ ಕಣ್ಣು ಕೆಂಪು ಅಂತ ನನ್ನ ಫೋಟೋದಲ್ಲಿ ಕಂಡದ್ದು ಇದೇ ಮೊದಲು.

ಮಳೆಹನಿ ಮೇಡಂ ಹೇಳಿದ್ದೂ ನಿಜವಾಯಿತು. ಏರಿ ಕೆಳಗೆ ಕೆಂಪು ಏರೋಪ್ಲೇನ್ ಚಿಟ್ಟೆ ಕೂತಿತ್ತು. 1.8 ಮೀಟರ್ ಹಿಂದೆ ನಿಂತು ತೆಗೆದರೆ ಫ್ರೇಮಿನ ಅರ್ಧ ಕೂಡ ತುಂಬಲಿಲ್ಲ. ಮಗಳು ಸ್ಕ್ರೀನ್ ನೋಡಿ 'ಇಷ್ಟೇನಾ ಅಪ್ಪ' ಅಂದಳು.

ಮಳೆಹನಿ, ತೀರ್ಥಹಳ್ಳಿ:
ಅದಕ್ಕೂ ದಾರಿ ಇದೆ. ಕ್ಯಾನನ್‌ನವರದೇ 500ಡಿ ಅಂತ ಕ್ಲೋಸ್-ಅಪ್ ಲೆನ್ಸ್ ಇದೆ. ಅದೇ ಹೆಸರಿನ ಕ್ಯಾಮೆರಾ ಕೂಡ ಇದೆ, ಹುಡುಕುವಾಗ ನೋಡಿಕೊಳ್ಳಿ. ಫಿಲ್ಟರಿನ ಹಾಗೆ ಮುಂದೆ ತಿರುಗಿಸಿ ಹಾಕುವುದು. ನಿಮ್ಮ ಲೆನ್ಸಿನ ಫಿಲ್ಟರ್ ಅಳತೆ 77 ಎಂಎಂ, ಆ ಅಳತೆಯಲ್ಲಿ ಸಿಗುತ್ತದೆ. ಎರಡು ಗಾಜು ಸೇರಿಸಿ ಮಾಡಿದ್ದು, ಆದ್ದರಿಂದ ಅಗ್ಗದ ಫಿಲ್ಟರಿನ ಹಾಗೆ ಚಿತ್ರ ಕೆಡಿಸುವುದಿಲ್ಲ. ಹಾಕಿಕೊಂಡು ಫೋಕಸ್ ಅನಂತಕ್ಕೆ ಇಟ್ಟರೆ ಗಾಜಿನ ಮುಂದೆ ಅರ್ಧ ಮೀಟರಿನಲ್ಲಿ ಇರುವುದು ಸ್ಪಷ್ಟ ಆಗುತ್ತದೆ. 400ರಲ್ಲಿ ಹಿಗ್ಗುವಿಕೆ 0.8ರಷ್ಟು ಬರುತ್ತದೆ, ನನ್ನ ಹೊಸದರದ್ದು 0.31 ಅಷ್ಟೇ. ಅದು ಹಾಕಿರುವಾಗ ದೂರದ ಹಕ್ಕಿ ಸಿಗುವುದಿಲ್ಲ, ತೆಗೆದು ಜೇಬಿಗೆ ಹಾಕಿಕೊಳ್ಳಬೇಕು. ಫೋಕಸಿನ ಆಳ ತೀರಾ ಕಡಿಮೆ, ಹಾಗಾಗಿ ಎಫ್/11 ಇಡಿ, ಚಿಟ್ಟೆಯ ರೆಕ್ಕೆಗೆ ಸೆನ್ಸರ್ ಸಮಾನಾಂತರ ಇರುವ ಹಾಗೆ ನಿಲ್ಲಿ. ನನ್ನ ಹತ್ತಿರ ಒಂದು ಸುಮ್ನೆ ಬಿದ್ದಿದೆ, ಹೊಸ ಲೆನ್ಸ್ ಬಂದ ಮೇಲೆ ಮುಟ್ಟಿಲ್ಲ. ವಿಳಾಸ ಖಾಸಗಿ ಸಂದೇಶದಲ್ಲಿ ಕಳಿಸಿ, ಕೊರಿಯರ್ ಮಾಡುತ್ತೇನೆ. ಮಗಳು ತೆಗೆದ ಮೊದಲ ಫೋಟೋ ಇಲ್ಲಿ ಹಾಕಬೇಕು.

ಕಳ್ಳಿಪೀರ, ಹಾಸನ:
ಮೇಡಂ, ಏನು ಹೇಳಬೇಕೋ ಗೊತ್ತಾಗುತ್ತಿಲ್ಲ. ವಿಳಾಸ ಕಳಿಸಿದ್ದೇನೆ. ಮಗಳು ಈಗಲೇ ಭಾನುವಾರ ಎಷ್ಟು ದಿನ ಇದೆ ಅಂತ ಕ್ಯಾಲೆಂಡರ್ ಹುಡುಕುತ್ತಿದ್ದಾಳೆ, ಆ ಹಾಳೆ ಇನ್ನೂ ಹಿತ್ತಲ ಗೋಡೆ ಮೇಲೇ ಇದೆ.